ಹಿತ್ತಲ ಕೋಳಿ: ಊರಿಗೆ ದುಡ್ಡು ಕಳಿಸುವ ಮೊದಲು ಇಷ್ಟು ಲೆಕ್ಕ ಗೊತ್ತಿರಲಿ

ಶುಕ್ರವಾರ ಊಟ ಮುಗಿಸಿ ಊರಿಗೆ ವಿಡಿಯೋ ಕಾಲ್ ಹಚ್ಚಿದರೆ ಈಗೀಗ ಎಷ್ಟೋ ಮನೆಗಳಲ್ಲಿ ಮಕ್ಕಳಿಗಿಂತ ಮೊದಲು ಕಾಣಿಸುವುದು ಕೋಳಿ. ಮೊಬೈಲ್ ಹಿಡಿದವರು ಹಿತ್ತಲಲ್ಲೇ ಇರುತ್ತಾರೆ. "ಇದು ನೋಡಿ, ನಿನ್ನೆಯಿಂದ ಮೊಟ್ಟೆ ಶುರು ಮಾಡಿದ್ದು" ಅಂತ ಒಂದು ಕಂದು ಹೇಂಟೆಯನ್ನು ತೋರಿಸುತ್ತಾರೆ. ಇನ್ನೊಂದು ವಾರ ಅದೇ ಕಾಲ್, ಬೇರೆ ಧ್ವನಿ: "ಮೂರು ಕೋಳಿ ತೂಕಡಿಸ್ತಾ ಉಂಟು, ಹಸಿರು ಭೇದಿ ಆಗ್ತಾ ಉಂಟು, ಏನು ಮಾಡುದು?" ದುಬೈಯ ರೂಮಿನಲ್ಲಿ ಕೂತವರು ಏನು ಹೇಳಬೇಕು? ಪಕ್ಕದ ಬೆಡ್ಡಿನವರು ಬೆಳ್ಳುಳ್ಳಿ ಅರೆದು ಕೊಡಲಿ ಅಂತಾರೆ. ಮೇಲಿನ ಬೆಡ್ಡಿನವರು ಅರಿಶಿನದ ನೀರು ಅಂತಾರೆ. ಮೂರನೆಯವರು ಮೆಡಿಕಲ್‌ನಿಂದ ಒಂದು ಮಾತ್ರೆಯ ಹೆಸರು ಹೇಳುತ್ತಾರೆ. ಮೂರು ದಿನದಲ್ಲಿ ಗೂಡು ಖಾಲಿ. ಹದಿನೈದು ಸಾವಿರ ಹಾಕಿ ಕಟ್ಟಿಸಿದ ಗೂಡಿನಲ್ಲಿ ಆಮೇಲೆ ತೆಂಗಿನ ಸಿಪ್ಪೆ ತುಂಬಿಸಿಡುತ್ತಾರೆ.

ಕೋಳಿ ಸಾಕುವವರ ಸಲಹೆಗೆ ಬೆಲೆ ಇಲ್ಲ ಅಂತಲ್ಲ. ಅಜ್ಜಿಯಂದಿರು ಕಾವಿಗೆ ಕೂರಿಸುವ ವಿದ್ಯೆಯನ್ನು ಯಾವ ಕಾಲೇಜಿನಲ್ಲೂ ಕಲಿತವರಲ್ಲ. ಆದರೆ ಯಾವ ಸಲಹೆ ಅನುಭವದ್ದು, ಯಾವುದು ಬರೀ ಬಾಯಿಮಾತು ಅನ್ನುವುದು ಗೊತ್ತಾಗದಿದ್ದರೆ ನಷ್ಟ ದೂರದಿಂದ ದುಡ್ಡು ಕಳಿಸುವವರಿಗೂ ಇದೆ, ಅಲ್ಲಿ ದಿನಾ ಹಿಕ್ಕೆ ಗುಡಿಸುವವರಿಗೂ ಇದೆ. ಬಹುಪಾಲು ಮನೆಗಳಲ್ಲಿ ಐಡಿಯಾ ಅಬುಧಾಬಿಯದ್ದು, ಕೆಲಸ ಹೆಂಡತಿಯದ್ದೋ ಅಮ್ಮನದ್ದೋ. ಹಾಗಾಗಿ ಮೊದಲ ಕೋಳಿ ತರುವ ಮೊದಲು ಅವರನ್ನು ಒಂದು ಮಾತು ಕೇಳುವುದು ಒಳ್ಳೆಯದು.

ಯಾವ ಕೋಳಿ?

ಕರಾವಳಿಯಲ್ಲಿ ಊರ ಕೋಳಿ, ಘಟ್ಟದ ಮೇಲೆ ನಾಟಿ ಕೋಳಿ ಅನ್ನುವುದು ಒಂದೇ. ವರ್ಷಕ್ಕೆ ಐವತ್ತರಿಂದ ಎಂಬತ್ತು ಮೊಟ್ಟೆ, ಅದೂ ಹತ್ತು ಹದಿನೈದು ಇಟ್ಟು ಕಾವಿಗೆ ಕೂತುಬಿಡುತ್ತದೆ. ಮೊಟ್ಟೆ ಕಡಿಮೆ, ಆದರೆ ತಾನೇ ಮೇಯುತ್ತದೆ, ತಾನೇ ಮರಿ ಮಾಡುತ್ತದೆ, ಗಿಡುಗ ಬಂದರೆ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುತ್ತದೆ.

ಗಿರಿರಾಜ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಹುಟ್ಟಿದ ತಳಿ. ಸ್ವರ್ಣಧಾರ ಅದರ ನಂತರದ್ದು, ಮೊಟ್ಟೆ ಹೆಚ್ಚು. ಹೈದರಾಬಾದಿನ ಕೇಂದ್ರ ಸರಕಾರದ ಕೋಳಿ ಸಂಶೋಧನಾ ಸಂಸ್ಥೆಯಿಂದ ಬಂದದ್ದು ವನರಾಜ ಮತ್ತು ಗ್ರಾಮಪ್ರಿಯ. ವನರಾಜ ಮಾಂಸ ಮೊಟ್ಟೆ ಎರಡಕ್ಕೂ, ಗ್ರಾಮಪ್ರಿಯ ಮುಖ್ಯವಾಗಿ ಮೊಟ್ಟೆಗೆ. ಇವು ಹಿತ್ತಲಿಗೆಂದೇ ಮಾಡಿದ ತಳಿಗಳು. ಬಣ್ಣದ ಗರಿ ಇರುವುದರಿಂದ ನೋಡಲು ನಾಟಿಯ ಹಾಗೇ. ಆದರೆ ಎರಡು ವಿಷಯ ಮಾರುವವರು ಹೇಳುವುದಿಲ್ಲ. ಒಂದು, ಇವು ಕಾವಿಗೆ ಕೂರುವುದು ಅಪರೂಪ. ಇನ್ನೊಂದು, ಇವು ಸಂಕರ ತಳಿ, ಮನೆಯಲ್ಲಿ ಮರಿ ಮಾಡಿಸಿದರೆ ಮುಂದಿನ ಪೀಳಿಗೆಗೆ ಅದೇ ಗುಣ ಬರುವುದಿಲ್ಲ. ಪ್ರತಿ ಸಲವೂ ಹೊಸ ಮರಿ ಕೊಂಡು ತರಲೇಬೇಕು. ಇದು ಖರ್ಚಿನ ಕಲಮಿನಲ್ಲಿ ಬರುವ ವಿಷಯ, ಮರೆಯಬಾರದು.

ಕಬ್ಬಿಣದ ಪಂಜರದ ಜೊತೆಗೇ ಮಾರುವ ಬಿವಿ 380 ಎಂಬ ಕಂದು ಮೊಟ್ಟೆಯ ಕೋಳಿ ಕೇರಳದಿಂದ ಈಚೆಗೆ ನಮ್ಮ ಕರಾವಳಿಯಲ್ಲೂ ಪರಿಚಿತ. ಮೊಟ್ಟೆ ಯಥೇಚ್ಛ ಇಡುತ್ತದೆ, ಆದರೆ ಫೀಡ್ ತಪ್ಪಿದರೆ ಮೊಟ್ಟೆಯೂ ತಪ್ಪುತ್ತದೆ. ಅದರ ಮೊಟ್ಟೆಯನ್ನು ಕೆಲವರು ಊರ ಮೊಟ್ಟೆ ಅಂತ ಮಾರುತ್ತಾರೆ. ಚಿಪ್ಪಿನ ಬಣ್ಣ ತಳಿಯಿಂದ ಬರುತ್ತದೆ, ಒಳಗಿನ ಹಳದಿಯ ಗಾಢ ಬಣ್ಣ ತಿಂದ ಸೊಪ್ಪು, ಜೋಳದಿಂದ ಬರುತ್ತದೆ. ಕಂದು ಚಿಪ್ಪು ಅಂದ ಮಾತ್ರಕ್ಕೆ ಪೌಷ್ಟಿಕ ಅಂತ ಏನೂ ಇಲ್ಲ.

ಮೊದಲ ನಾಲ್ಕು ವಾರ

ಒಂದು ದಿನದ ಮರಿ ತಂದವರು ಕಳೆದುಕೊಳ್ಳುವುದು ಹೆಚ್ಚಾಗಿ ಮೊದಲ ವಾರದಲ್ಲೇ. ಕಾರಣ ರೋಗವಲ್ಲ, ಚಳಿ. ತಾಯಿ ಇಲ್ಲದ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಇಳಿಸುತ್ತಾ ಬರಬೇಕು. ಥರ್ಮಾಮೀಟರ್ ಇಲ್ಲದಿದ್ದರೂ ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀರಾಡುತ್ತಿದ್ದರೆ ಚಳಿ. ಬಲ್ಬಿನಿಂದ ದೂರ ಓಡಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಎಲ್ಲ ಕಡೆ ಹರಡಿ ತಿನ್ನುತ್ತಾ ಮಲಗುತ್ತಾ ಇದ್ದರೆ ಸರಿ. ಇದನ್ನು ವಿಡಿಯೋ ಕಾಲಿನಲ್ಲೇ ನೋಡಿ ಹೇಳಬಹುದು. ಗಲ್ಫಿನಲ್ಲಿದ್ದವರು ಮಾಡಬಹುದಾದ ನಿಜವಾದ ಸಹಾಯ ಇದು.

ಬಲ್ಬು ಹಳೇ ಕಾಲದ ಬಿಸಿಯಾಗುವ ಬಲ್ಬೇ ಆಗಬೇಕು. ಎಲ್‌ಇಡಿ ಹಾಕಿ ಬೆಳಕು ಬಂತು, ಶಾಖ ಬರಲಿಲ್ಲ ಅಂತ ಮರಿ ಕಳೆದುಕೊಂಡ ಕತೆ ಸಾಕಷ್ಟಿದೆ. ಮರಿಯೊಂದಕ್ಕೆ ಒಂದೆರಡು ವ್ಯಾಟಿನ ಲೆಕ್ಕ, ಇಪ್ಪತ್ತು ಮರಿಗೆ 40 ವ್ಯಾಟಿನ ಒಂದು ಬಲ್ಬು. ರಟ್ಟಿನ ಪೆಟ್ಟಿಗೆಗಿಂತ ದುಂಡಗಿನ ಆವರಣ ಒಳ್ಳೆಯದು, ಮೂಲೆ ಇದ್ದರೆ ಮರಿಗಳು ಅಲ್ಲಿ ಒತ್ತಿಕೊಂಡು ಉಸಿರುಗಟ್ಟುತ್ತವೆ. ರಾತ್ರಿ ಕರೆಂಟ್ ಹೋದರೆ? ಮಳೆಗಾಲದಲ್ಲಿ ಅದು ಪ್ರಶ್ನೆಯೇ ಅಲ್ಲ, ಹೋಗುತ್ತದೆ. ಬಾಟಲಿಗಳಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಮರಿಗಳ ನಡುವೆ ಇಡುವುದು ಅನುಭವಿಗಳ ಉಪಾಯ, ಒಳ್ಳೆಯದೇ.

ಎಲ್ಲಕ್ಕಿಂತ ಒಳ್ಳೆಯ ಬ್ರೂಡರ್ ಅಂದರೆ ಕಾವಿಗೆ ಕೂತ ಊರ ಹೇಂಟೆ. ಕೊಂಡು ತಂದ ಮೊಟ್ಟೆಯನ್ನು ಅದರ ಅಡಿಗೆ ಇಟ್ಟರೆ 21 ದಿನಕ್ಕೆ ಮರಿ. ಏಳನೇ ದಿನ ಕತ್ತಲಲ್ಲಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದರೆ ಕೆಂಪು ನರಗಳ ಬಲೆ ಕಾಣಬೇಕು. ಏನೂ ಕಾಣದ್ದು ಬಂಜೆ ಮೊಟ್ಟೆ, ತೆಗೆದುಬಿಡಬಹುದು.

ಒಂದು ಬಾಟಲಿ, ಹತ್ತು ಮನೆ

ಈಗ ಆ ಹಸಿರು ಭೇದಿಯ ವಿಷಯ. ಕೋಳಿ ಮುದುಡಿ ನಿಲ್ಲುವುದು, ಬಾಯಿ ತೆರೆದು ಕೊರಕೊರ ಉಸಿರು, ಹಸಿರು ಭೇದಿ, ಬದುಕಿದ್ದವಕ್ಕೆ ಕುತ್ತಿಗೆ ತಿರುಚಿಕೊಳ್ಳುವುದು, ಕಾಲು ಬೀಳುವುದು. ಇದು ಕೊಕ್ಕರೆ ರೋಗ. ಡಾಕ್ಟರುಗಳು ರಾಣಿಖೇತ್ ಅನ್ನುತ್ತಾರೆ. ಈಗಿನ ಉತ್ತರಾಖಂಡದ ರಾಣಿಖೇತ್ ಎಂಬ ಬೆಟ್ಟದೂರಿನಲ್ಲಿ 1920ರ ದಶಕದಲ್ಲಿ ಗುರುತಿಸಿದ್ದರಿಂದ ಆ ಹೆಸರು. ಇಂಗ್ಲೆಂಡಿನಲ್ಲಿ ಅದೇ ಕಾಲಕ್ಕೆ ಕಂಡದ್ದಕ್ಕೆ ನ್ಯೂಕ್ಯಾಸಲ್ ಎಂದು ಕರೆದರು. ಇದು ವೈರಸ್. ಲಸಿಕೆ ಹಾಕದ ಗುಂಪಿಗೆ ಬಂದರೆ ನೂರಕ್ಕೆ ನೂರೂ ಹೋಗಬಹುದು. ಬಂದ ಮೇಲೆ ಔಷಧವಿಲ್ಲ. ಬೆಳ್ಳುಳ್ಳಿಯೂ ಇಲ್ಲ, ಅರಿಶಿನವೂ ಇಲ್ಲ, ಮೆಡಿಕಲ್‌ನ ಆಂಟಿಬಯೋಟಿಕ್ ಮಾತ್ರೆಯೂ ಇಲ್ಲ. ಆಂಟಿಬಯೋಟಿಕ್ ಕೊಟ್ಟಾಗ ಕೆಲವು ಕೋಳಿ ಉಳಿದರೆ ಅವು ಹೇಗೂ ಉಳಿಯುತ್ತಿದ್ದವು ಅಷ್ಟೇ. ಆದರೆ ಆ ಮಾತ್ರೆಯ ಅಂಶ ಮೊಟ್ಟೆಗೆ ಇಳಿದು ಮಕ್ಕಳ ಹೊಟ್ಟೆಗೆ ಹೋಗುತ್ತದೆ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ತಡೆಯುವ ದಾರಿ ಇದೆ, ಬಹಳ ಅಗ್ಗವೂ ಹೌದು. ಐದರಿಂದ ಏಳನೇ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ, ಎಫ್ ಅಥವಾ ಲಸೋಟ ಎಂಬ ಹೆಸರಿನದ್ದು. ನಾಲ್ಕನೇ ವಾರದ ಹೊತ್ತಿಗೆ ಲಸೋಟ ಇನ್ನೊಮ್ಮೆ, ನೀರಿನಲ್ಲಿ. ಎಂಟು ಹತ್ತು ವಾರಕ್ಕೆ ಆರ್‌ಟುಬಿ ಎಂಬ ಇಂಜೆಕ್ಷನ್. ನಡುವೆ ಎರಡನೇ ವಾರ ಗುಂಬೊರೊ ರೋಗಕ್ಕೆ ಹನಿ, ಆರೆಂಟು ವಾರಕ್ಕೆ ಸಿಡುಬಿಗೆ ರೆಕ್ಕೆಯ ಚುಚ್ಚು. ಯಾವುದು ಯಾವಾಗ ಅನ್ನುವುದನ್ನು ಹತ್ತಿರದ ಪಶು ಆಸ್ಪತ್ರೆಯವರು ಆ ಊರಿನ ಪರಿಸ್ಥಿತಿ ನೋಡಿ ಹೇಳುತ್ತಾರೆ.

ಇಷ್ಟು ಸುಲಭವಾದರೆ ಜನ ಯಾಕೆ ಹಾಕಿಸುವುದಿಲ್ಲ? ಕಾರಣ ಉದಾಸೀನ ಅಲ್ಲ, ಬಾಟಲಿಯ ಅಳತೆ. ಲಸಿಕೆ ಪುಡಿಯ ರೂಪದಲ್ಲಿ ನೂರು ಡೋಸಿನ, ಇನ್ನೂರು ಡೋಸಿನ ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಒಮ್ಮೆ ದ್ರಾವಣ ಬೆರೆಸಿ ತೆರೆದರೆ ಒಂದೆರಡು ತಾಸಿನೊಳಗೆ ಮುಗಿಸಬೇಕು, ನಾಳೆಗೆ ಫ್ರಿಜ್ಜಿನಲ್ಲಿಟ್ಟರೂ ಪ್ರಯೋಜನವಿಲ್ಲ. ಹತ್ತು ಕೋಳಿಯವರಿಗೆ ನೂರು ಡೋಸು ಯಾಕೆ ಬೇಕು? ಅಂಗಡಿಯವರೂ ಬಿಡಿಯಾಗಿ ಕೊಡುವುದಿಲ್ಲ. ಹಾಗಾಗಿ ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅಕ್ಕಪಕ್ಕದ ಹತ್ತು ಮನೆಯವರು ಒಂದೇ ದಿನ ನಿಗದಿ ಮಾಡಿ ಒಂದು ಬಾಟಲಿ ತಂದರೆ ಮನೆಗೆ ಬೀಳುವುದು ಚಹಾ ತಿಂಡಿಯ ಖರ್ಚು. ಸ್ವಸಹಾಯ ಸಂಘದ ವಾರದ ಸಭೆ ಇದ್ದಲ್ಲಿ ಇನ್ನೂ ಸುಲಭ, ಎಲ್ಲರ ಕೋಳಿ ಲೆಕ್ಕ ಅಲ್ಲೇ ಸಿಗುತ್ತದೆ. ಒಬ್ಬರು ತರುವುದು, ಒಬ್ಬರು ಕೋಳಿ ಹಿಡಿಯುವುದು, ಒಬ್ಬರು ಹನಿ ಹಾಕುವುದು. ರಾತ್ರಿ ಕೋಳಿ ಗೂಡು ಸೇರಿದ ಮೇಲೋ ಬೆಳಿಗ್ಗೆ ಬಿಡುವ ಮೊದಲೋ ಮಾಡಿದರೆ ಹಿತ್ತಲಿಡೀ ಓಡಿಸಿ ಹಿಡಿಯುವ ಕಷ್ಟವಿಲ್ಲ.

ಎರಡು ಎಚ್ಚರಿಕೆ. ಬಾಟಲಿ ತರುವಾಗ ಥರ್ಮಾಸ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ಹಾಕಿ ತರಬೇಕು. ಬಸ್ಸಿನಲ್ಲಿ ಪರ್ಸಿನೊಳಗೆ ಇಟ್ಟು ತಂದ ಲಸಿಕೆ ಬರೀ ನೀರು. ನೀರಿನಲ್ಲಿ ಕೊಡುವ ಲಸಿಕೆಗೆ ಪಂಚಾಯತಿಯ ಕ್ಲೋರಿನ್ ನೀರು ಬಳಸಬಾರದು, ಕ್ಲೋರಿನ್ ವೈರಸ್ಸನ್ನು ಕೊಲ್ಲುತ್ತದೆ, ಲಸಿಕೆಯಲ್ಲಿರುವುದೂ ಜೀವಂತ ವೈರಸ್ಸೇ. ಬಾವಿ ನೀರು, ಅದಕ್ಕೆ ಲೀಟರಿಗೆ ಒಂದು ಚಮಚ ಕೆನೆರಹಿತ ಹಾಲಿನ ಪುಡಿ. ಕೊಡುವ ಮೊದಲು ಎರಡು ತಾಸು ನೀರು ತಪ್ಪಿಸಿದರೆ ಎಲ್ಲವೂ ಬಾಯಾರಿ ಕುಡಿಯುತ್ತವೆ.

ಲಸಿಕೆ ಒಬ್ಬರು ಹಾಕಿ ಪಕ್ಕದವರು ಹಾಕದಿದ್ದರೆ ರೋಗ ಊರಲ್ಲಿ ಸುತ್ತುತ್ತಲೇ ಇರುತ್ತದೆ. ನೇಮ, ಕೋಲ, ಮದುವೆ, ಔತಣ ಅಂತ ಕೋಳಿ ಊರಿಂದೂರಿಗೆ ಹೋಗುವ ತಿಂಗಳುಗಳಲ್ಲಿ ಭಯ ಜಾಸ್ತಿ. ಸಂತೆಯಿಂದ ತಂದ ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆ ಕಟ್ಟಿಹಾಕಿ ನೋಡಬೇಕು, ಮೊದಲ ದಿನವೇ ಗೂಡಿಗೆ ಬಿಡುವುದು ಅಂದರೆ ತಾನಾಗಿ ರೋಗವನ್ನು ಮನೆಗೆ ಕರೆದ ಹಾಗೆ. ಇನ್ನೊಂದು ಕೆಟ್ಟ ಅಭ್ಯಾಸ ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ: ಒಂದೆರಡು ಸತ್ತ ಕೂಡಲೇ ಉಳಿದದ್ದನ್ನು ಬೇಗ ಬೇಗ ಮಾರಿಬಿಡುವುದು, ಸತ್ತದ್ದನ್ನು ತೋಡಿಗೆ ಎಸೆಯುವುದು. ತೋಡು ಕೆಳಗಿನ ಮನೆಗೂ ಹೋಗುತ್ತದಲ್ಲ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಬೇಕು. ಒಮ್ಮೆಲೇ ಬಹಳ ಕೋಳಿ, ಕಾಗೆ ಸತ್ತರೆ ಪಶು ಆಸ್ಪತ್ರೆಗೆ ಫೋನ್ ಮಾಡಲೇಬೇಕು. 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಮೊದಲು ಕಂಡ ಹಕ್ಕಿಜ್ವರ ಆಮೇಲೆ ಕೇರಳಕ್ಕೂ ಹಲವು ಸಲ ಬಂದು ಹೋಗಿದೆ, ಅದರ ಲಕ್ಷಣ ಕಣ್ಣಿಗೆ ಕೊಕ್ಕರೆ ರೋಗದ ಹಾಗೇ ಕಾಣುತ್ತದೆ. ಲ್ಯಾಬಿನಲ್ಲೇ ತಿಳಿಯಬೇಕು.

ಮಳೆ ಮತ್ತು ಮುಂಗುಸಿ

ಕರಾವಳಿಯ ಮಳೆಗೆ ಕೋಳಿ ನೆನೆದು ಸಾಯುವುದಕ್ಕಿಂತ ಗೂಡಿನ ನೆಲ ಒದ್ದೆಯಾಗಿ ಸಾಯುವುದು ಜಾಸ್ತಿ. ಹಿಕ್ಕೆ ಮತ್ತು ತೇವ ಸೇರಿದರೆ ರಕ್ತಭೇದಿ. ಮರಿ ಮುದುಡಿ ಕೂತು ಹಿಕ್ಕೆಯಲ್ಲಿ ರಕ್ತ ಕಂಡರೆ ಅದು. ಇದಕ್ಕೆ ಮಾತ್ರ ಔಷಧ ಇದೆ, ಡಾಕ್ಟರು ಬರೆದುಕೊಟ್ಟದ್ದನ್ನು ನೀರಿನಲ್ಲಿ ಕೊಟ್ಟರೆ ಬೇಗ ಗುಣವಾಗುತ್ತದೆ. ಗೂಡು ನೆಲದಿಂದ ಎರಡು ಮೂರಡಿ ಮೇಲೆ, ಕೋಳಿಗೆ ಎರಡು ಚದರಡಿ ಜಾಗ, ಮಳೆ ಬೀಸುವ ಕಡೆ ಮಾಡು ಉದ್ದ ಇಳಿಬಿಡಬೇಕು. ಆದರೆ ಪ್ಲಾಸ್ಟಿಕ್ ಶೀಟಿನಿಂದ ಪೂರ್ತಿ ಮುಚ್ಚಬಾರದು, ಅಮೋನಿಯಾ ವಾಸನೆ ಕಣ್ಣು ಉರಿಸುವಷ್ಟಾದರೆ ಕೋಳಿಗೂ ಅಷ್ಟೇ ಉರಿ.

ಶತ್ರುಗಳ ವಿಷಯದಲ್ಲಿ ಊರವರಿಗೆ ಹೇಳಿಕೊಡುವುದೇನಿಲ್ಲ. ಹಗಲಿಗೆ ಗಿಡುಗ, ಮುಂಗುಸಿ, ನಾಯಿ. ರಾತ್ರಿಗೆ ಪುನುಗು ಬೆಕ್ಕು, ನರಿ, ಹೆಬ್ಬಾವು. ಒಂದು ಮಾತು ಮಾತ್ರ: ಅಂಗಡಿಯಲ್ಲಿ ಕೋಳಿ ನೆಟ್ ಅಂತ ಕೊಡುವ ಆರು ಮೂಲೆಯ ತೆಳು ತಂತಿ ಕೋಳಿಯನ್ನು ಒಳಗಿಡಲು ಸಾಕು, ನಾಯಿ ಪುನುಗನ್ನು ಹೊರಗಿಡಲು ಸಾಲದು. ವೆಲ್ಡ್ ಮಾಡಿದ ಅರ್ಧ ಇಂಚಿನ ಚೌಕುಳಿ ಜಾಲರಿ ದುಬಾರಿ, ಆದರೆ ಒಂದೇ ರಾತ್ರಿ ಹತ್ತು ಕೋಳಿ ಹೋಗುವುದಕ್ಕೆ ಹೋಲಿಸಿದರೆ ದುಬಾರಿಯಲ್ಲ. ನೆಲದ ಗೂಡಾದರೆ ಜಾಲರಿಯನ್ನು ಒಂದಡಿ ಮಣ್ಣೊಳಗೂ ಇಳಿಸಬೇಕು.

ಈಗ ಲೆಕ್ಕ

ಮನೆಯ ಪುಸ್ತಕದಲ್ಲಿ ಫೀಡ್ ಚೀಲದ ಬಿಲ್ಲು ಮಾತ್ರ ಬರೆದು, ಮೊಟ್ಟೆ ಮಾರಿದ ದುಡ್ಡು ಡಬ್ಬಿಗೆ ಹಾಕಿದರೆ ಲಾಭವೋ ನಷ್ಟವೋ ತಿಳಿಯುವುದಿಲ್ಲ. ದರ ಊರಿಂದೂರಿಗೆ ಬೇರೆ, ಆದ್ದರಿಂದ ಇಲ್ಲಿ ಉದಾಹರಣೆಗೆ ಅಂತ ಇಟ್ಟುಕೊಂಡ ದರ: ಫೀಡ್ ಕಿಲೋಗೆ 35 ರೂಪಾಯಿ, ಮೊಟ್ಟೆ 10 ರೂಪಾಯಿ, ಗೂಡಿಗೆ 12,000. ನಿಮ್ಮೂರಿನ ದರ ಹಾಕಿ ಮತ್ತೆ ಲೆಕ್ಕ ಮಾಡಿಕೊಳ್ಳಿ.

ಹತ್ತು ಗ್ರಾಮಪ್ರಿಯ ಹೇಂಟೆ. ಕೂಡಿಹಾಕಿ ಪೂರ್ತಿ ಫೀಡ್ ಕೊಟ್ಟರೆ ದಿನಕ್ಕೆ ಒಂದಕ್ಕೆ 120 ಗ್ರಾಂ, ಹತ್ತಕ್ಕೆ 1.2 ಕಿಲೋ, ಅಂದರೆ 42 ರೂಪಾಯಿ. ವರ್ಷಕ್ಕೆ 15,330. ಒಂದೊಂದು 200 ಮೊಟ್ಟೆ ಇಟ್ಟರೆ 2,000 ಮೊಟ್ಟೆ, 20,000 ರೂಪಾಯಿ. ಉಳಿದದ್ದು 4,670. ಖುಷಿಪಡುವ ಮೊದಲು ಇನ್ನೂ ಕಳೆಯಬೇಕು. ಗೂಡು ಆರು ವರ್ಷ ಬಾಳಿದರೆ ವರ್ಷಕ್ಕೆ 2,000 ಸವಕಳಿ. ಮರಿ ಮೊಟ್ಟೆ ಇಡಲು ಐದೂವರೆ ಆರು ತಿಂಗಳು, ಅಷ್ಟರಲ್ಲಿ ಒಂದೊಂದು ಎಂಟು ಕಿಲೋ ತಿನ್ನುತ್ತದೆ, 280 ರೂಪಾಯಿ, ಮರಿಯ ಬೆಲೆ 40 ಸೇರಿ 320. ಹತ್ತಕ್ಕೆ 3,200, ಎರಡು ವರ್ಷ ಮೊಟ್ಟೆ ಇಟ್ಟರೆ ವರ್ಷಕ್ಕೆ 1,600. ಲಸಿಕೆ, ಔಷಧ, ಕರೆಂಟ್ 500. ಎಲ್ಲ ಕಳೆದರೆ ವರ್ಷಕ್ಕೆ 570 ರೂಪಾಯಿ. ತಿಂಗಳಿಗೆ ಐವತ್ತೂ ಇಲ್ಲ. ಒಂದು ಕೋಳಿ ನಾಯಿಪಾಲಾದರೆ ಅದೂ ಇಲ್ಲ.

ಅದೇ ಹತ್ತನ್ನು ಹಗಲು ಬಿಟ್ಟು, ಅರ್ಧ ಫೀಡ್ ಮಾತ್ರ ಕೊಟ್ಟು, ಉಳಿದದ್ದಕ್ಕೆ ಅಡುಗೆಮನೆಯ ಅನ್ನ, ತರಕಾರಿ ಸಿಪ್ಪೆ, ಅಜೋಲ, ತೋಟದ ಹುಳ ಅಂತ ಮಾಡಿದರೆ ಮೊಟ್ಟೆ ಇಳಿಯುತ್ತದೆ, 160 ಅಂತ ಇಟ್ಟುಕೊಳ್ಳೋಣ. 16,000 ಬಂತು, ಫೀಡ್ 7,665 ಹೋಯಿತು, ಉಳಿದ ಖರ್ಚು ಅಷ್ಟೇ. ಕೈಗೆ 4,235, ತಿಂಗಳಿಗೆ 350ರ ಹತ್ತಿರ. ಮೊಟ್ಟೆ ಕಡಿಮೆಯಾದರೂ ದುಡ್ಡು ಜಾಸ್ತಿ. ಹಿತ್ತಲ ಕೋಳಿಯ ಗುಟ್ಟು ಇದೇ, ಅದು ಬದುಕುವುದು ಮನೆಯ ಪುಕ್ಕಟೆ ಆಹಾರದ ಮೇಲೆ. ಚೀಲ ಕೊಂಡು ಹಾಕಲು ಶುರು ಮಾಡಿದ ದಿನ ಅದು ಹಿತ್ತಲಲ್ಲ, ಸಣ್ಣ ಫಾರ್ಮು. ದೊಡ್ಡ ಫಾರ್ಮುಗಳ ಜೊತೆ ದರದಲ್ಲಿ ಸ್ಪರ್ಧಿಸಲು ಹತ್ತು ಕೋಳಿಯವರಿಂದ ಆಗುವುದಿಲ್ಲ.

ಊರ ಕೋಳಿಯ ಲೆಕ್ಕ ಬೇರೆ ದಾರಿ. ಹತ್ತು ಹೇಂಟೆ 60ರಂತೆ 600 ಮೊಟ್ಟೆ, 12 ರೂಪಾಯಿಗೆ ಮಾರಿದರೂ 7,200. ಸಂಜೆ ಹಿಡಿಯಷ್ಟು, 30 ಗ್ರಾಂ ಧಾನ್ಯ, ವರ್ಷಕ್ಕೆ ಸುಮಾರು 3,300. ಗೂಡು, ಲಸಿಕೆ ಕಳೆದರೆ 1,400. ದುಡ್ಡು ಇರುವುದು ಮೊಟ್ಟೆಯಲ್ಲಲ್ಲ, ಮರಿಯಲ್ಲಿ. ಮೂರು ಹೇಂಟೆ ಹನ್ನೆರಡರಂತೆ ಕೂತು, ಒಂದೊಂದರಲ್ಲಿ ಎಂಟು ಮರಿ ಬೆಳೆದು ಉಳಿದರೆ 24 ಕೋಳಿ. 350ಕ್ಕೆ ಹೋದರೆ 8,400. ಕಾವಿಗಿಟ್ಟ ಮೊಟ್ಟೆಯ ಬೆಲೆ 432, ತಿಂದ ಧಾನ್ಯ 2,520 ಕಳೆದರೂ 5,400ಕ್ಕೆ ಮೋಸವಿಲ್ಲ. ಎಂಟರ ಬದಲು ನಾಲ್ಕೇ ಉಳಿದರೆ ಅದು 2,500ಕ್ಕೆ ಇಳಿಯುತ್ತದೆ. ಆ ನಾಲ್ಕು ಮರಿಯ ವ್ಯತ್ಯಾಸವೇ ಲಸಿಕೆಯ ಬಾಟಲಿ ಮತ್ತು ಜಾಲರಿ.

ಮನೆಯವರು ತಿಂದ ಮೊಟ್ಟೆಯನ್ನೂ ಆದಾಯದಲ್ಲಿ ಬರೆಯಬೇಕು, ಅದಿಲ್ಲದಿದ್ದರೆ ಅಂಗಡಿಯಿಂದ ತರಬೇಕಿತ್ತಲ್ಲ. ದಿನಕ್ಕೆ ಒಂದು ತಾಸಿನ ದುಡಿಮೆಗೆ ಇಲ್ಲಿ ಸಂಬಳ ಹಾಕಿಲ್ಲ. ಹಾಕಿದರೆ ಮೇಲಿನ ಎಲ್ಲ ಲೆಕ್ಕವೂ ನಷ್ಟ ತೋರಿಸುತ್ತದೆ, ಇದು ಬಚ್ಚಿಡುವ ಮಾತಲ್ಲ. ಬಹಳ ಮನೆಗಳಲ್ಲಿ ಆ 350 ರೂಪಾಯಿ ಯಾರನ್ನೂ ಕೇಳದೆ ಖರ್ಚು ಮಾಡಬಹುದಾದ ಸ್ವಂತ ದುಡ್ಡು ಅನ್ನುವುದೂ ನಿಜ. ಗಂಡ ಕಳಿಸಿದ ಇಪ್ಪತ್ತು ಸಾವಿರಕ್ಕೆ ಲೆಕ್ಕ ಕೊಡಬೇಕು, ಕೋಳಿ ದುಡ್ಡಿಗೆ ಕೊಡಬೇಕಾಗಿಲ್ಲ.

ಎಕ್ಸಿಟ್ ಹೊಡೆದು ಫಾರ್ಮ್ ಮಾಡುವವರಿಗೆ

ಹತ್ತು ಕೋಳಿ ಚೆನ್ನಾಗಿ ನಡೆದ ಮೇಲೆ ಬರುವ ಯೋಚನೆ ಇದು: ಇಲ್ಲಿಯ ಕೆಲಸ ಬಿಟ್ಟು ಊರಲ್ಲಿ ಸಾವಿರ ಕೋಳಿ ಹಾಕಿದರೆ? ಹತ್ತನ್ನು ನೂರರಿಂದ ಗುಣಿಸಿದರೆ ಲಾಭವೂ ನೂರು ಪಟ್ಟು ಆಗುವುದಿಲ್ಲ. ಅಡುಗೆಮನೆಯ ಸಿಪ್ಪೆ ಹತ್ತಕ್ಕೆ ಸಾಕು, ಸಾವಿರಕ್ಕೆ ಅಲ್ಲ. ಮೇಲೆ ತೋರಿಸಿದ ಮೊದಲ ಲೆಕ್ಕ, ಪೂರ್ತಿ ಫೀಡಿನದ್ದು, ಅಲ್ಲಿಗೆ ಬಂದು ಕೂರುತ್ತದೆ.

ಈ ಆಸೆಯ ಮೇಲೇ ಕಣ್ಣಿಟ್ಟವರೂ ಇದ್ದಾರೆ. ತಮಿಳುನಾಡಿನ ಪೆರುಂದುರೈ ಕಡೆ ಎಮು ಹಕ್ಕಿ ಸಾಕಿ, ತಿಂಗಳು ತಿಂಗಳು ದುಡ್ಡು ಕೊಡ್ತೇವೆ, ಹಕ್ಕಿಯನ್ನು ನಾವೇ ವಾಪಸ್ ಕೊಳ್ತೇವೆ ಅಂದವರು 2012ರಲ್ಲಿ ಕೈ ಎತ್ತಿದರು, ಸಾವಿರಾರು ಜನ ಮುಳುಗಿದರು. 2019ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದಲ್ಲಿ ಅದೇ ಆಟ, ಈ ಸಲ ಕಡಕ್‌ನಾಥ್ ಕಪ್ಪು ಕೋಳಿಯ ಹೆಸರಿನಲ್ಲಿ. ಕಡಕ್‌ನಾಥ್ ಒಳ್ಳೆಯ ತಳಿಯೇ, ಮಧ್ಯಪ್ರದೇಶದ ಝಾಬುವಾದ್ದು, 2018ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ತಪ್ಪು ಕೋಳಿಯದ್ದಲ್ಲ. ಮರಿಯನ್ನು ಮಾರುಕಟ್ಟೆಗಿಂತ ಹಲವು ಪಟ್ಟು ಬೆಲೆಗೆ ಮಾರಿ, ಮೊಟ್ಟೆಯನ್ನು ಐವತ್ತು ಅರುವತ್ತಕ್ಕೆ ವಾಪಸ್ ಕೊಳ್ಳುತ್ತೇವೆ ಅನ್ನುವವರು ಆ ಮೊಟ್ಟೆಯನ್ನು ಯಾರಿಗೆ ಮಾರುತ್ತಾರೆ ಅನ್ನುವ ಒಂದೇ ಪ್ರಶ್ನೆ ಕೇಳಬೇಕು. ಮರಿ ಮಾಡಿಸಿ ಮುಂದಿನ ರೈತನಿಗೆ ಅಂತ ಉತ್ತರ ಬಂದರೆ, ಮುಂದಿನವರು ಬರುವುದು ನಿಂತ ದಿನ ದುಡ್ಡು ನಿಲ್ಲುತ್ತದೆ. ವಾಪಸ್ ಖರೀದಿಯ ಕರಾರು ಸ್ಟಾಂಪ್ ಪೇಪರಿನಲ್ಲಿದ್ದರೂ ಬೀಗ ಹಾಕಿ ಹೋದ ಆಫೀಸಿನ ಮುಂದೆ ಅದರಿಂದ ಏನೂ ಆಗುವುದಿಲ್ಲ.

ಸರಕಾರದ ಸಬ್ಸಿಡಿಯ ಬಗ್ಗೆ ಕೂಡ ಅರ್ಧ ಮಾಹಿತಿ ಓಡಾಡುತ್ತಿದೆ. ರಾಷ್ಟ್ರೀಯ ಜಾನುವಾರು ಮಿಷನ್ ಅಡಿ ಗ್ರಾಮೀಣ ಕೋಳಿ ಘಟಕಕ್ಕೆ ಶೇ. 50, ಗರಿಷ್ಠ 25 ಲಕ್ಷ ರೂಪಾಯಿ ಸಬ್ಸಿಡಿ ಇದೆ ಅನ್ನುವುದು ಸರಿ. ಆದರೆ ಅದು ಕನಿಷ್ಠ 1,000 ಪೋಷಕ ಕೋಳಿ ಇಟ್ಟು, ಹ್ಯಾಚರಿಯಲ್ಲಿ ಮರಿ ಮಾಡಿ ಬೆಳೆಸಿ ಮಾರುವ ಘಟಕಕ್ಕೆ. ಮೊಟ್ಟೆ ಮಾರಲು, ಬ್ರಾಯ್ಲರ್ ಸಾಕಲು ಅಲ್ಲ. ಉಳಿದರ್ಧ ಬ್ಯಾಂಕ್ ಸಾಲವೋ ಸ್ವಂತದ್ದೋ ಆಗಬೇಕು, ಸಬ್ಸಿಡಿಯೂ ಕಂತಿನಲ್ಲಿ, ಕೆಲಸ ನಡೆದದ್ದನ್ನು ನೋಡಿ ಬರುತ್ತದೆ. ಮೊದಲೇ ಕೈಗೆ ಕೊಡಿಸುತ್ತೇವೆ ಅನ್ನುವ ಏಜೆಂಟರಿಗೆ ಕಮಿಷನ್ ಕೊಡುವ ಮೊದಲು ತಾಲೂಕು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ.

ತೆರಿಗೆಯ ಬಗ್ಗೆ ಒಂದೇ ಮಾತು. ಕೋಳಿ ಸಾಕಣೆಯ ಆದಾಯ ಕೃಷಿ ಆದಾಯವಲ್ಲ, ವ್ಯಾಪಾರದ ಆದಾಯ. ಅಡಿಕೆ ತೋಟದ ಜೊತೆ ಸೇರಿಸಿ ತೆರಿಗೆ ಇಲ್ಲ ಅಂತ ತೋರಿಸಲು ಬರುವುದಿಲ್ಲ. ಹತ್ತು ಕೋಳಿಯವರಿಗೆ ಇದು ಚಿಂತೆಯ ವಿಷಯವೇ ಅಲ್ಲ, ಸಾವಿರದವರಿಗೆ ಹೌದು. ದುಡ್ಡು ಗಂಡನದ್ದು, ಫಾರ್ಮ್ ಹೆಂಡತಿಯ ಹೆಸರಿನಲ್ಲಿ ಅಂದರೆ ಆದಾಯವನ್ನು ಗಂಡನ ಲೆಕ್ಕಕ್ಕೆ ಸೇರಿಸುವ ನಿಯಮವೂ ಇದೆ. ಶುರು ಮಾಡುವ ಮೊದಲೇ ಒಬ್ಬ ಲೆಕ್ಕಿಗರನ್ನು ಕೇಳುವುದು ಉತ್ತಮ.

ಮರುಭೂಮಿಯ ಕೋಳಿ

ಇಲ್ಲಿಯ ಮಜ್ರಾಗಳಲ್ಲಿ ಕೆಲಸ ಮಾಡುವ ನಮ್ಮವರು ಕಫೀಲನ ಆಡು ಒಂಟೆಯ ಜೊತೆ ನಾಲ್ಕು ಕೋಳಿ ಇಟ್ಟುಕೊಂಡಿರುವುದುಂಟು. ಅವರದ್ದು ಮಳೆಯ ಕಷ್ಟವಲ್ಲ, ಬಿಸಿಲಿನದ್ದು. ಕೋಳಿಗೆ ಬೆವರು ಗ್ರಂಥಿ ಇಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಹಾಗೆ ಏದುಸಿರು ಬಿಟ್ಟಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗುತ್ತದೆ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಕಡಿಮೆಯಾಗುತ್ತದೆ. ಜುಲೈಯಲ್ಲಿ ಮೊಟ್ಟೆ ತೆಳ್ಳಗೆ, ಮುಟ್ಟಿದರೆ ಒಡೆಯುವ ಹಾಗೆ ಆಗುವುದು ಅದಕ್ಕೇ, ಬರೀ ಸುಣ್ಣದ ಕೊರತೆಯಿಂದಲ್ಲ. ನೆರಳು, ಗಾಳಿ, ದಿನಕ್ಕೆ ಎರಡು ಮೂರು ಸಲ ತಣ್ಣನೆ ನೀರು, ಬೆಳಗಿನ ಜಾವ ಮತ್ತು ಸಂಜೆ ಮಾತ್ರ ಫೀಡ್. ಟ್ಯಾಂಕಿಯಿಂದ ಬರುವ ಪೈಪಿನ ನೀರು ಮಧ್ಯಾಹ್ನ ಚಹಾ ಮಾಡುವಷ್ಟು ಬಿಸಿ ಇರುತ್ತದೆ, ಅದನ್ನೇ ಇಟ್ಟರೆ ಕುಡಿಯುವುದಿಲ್ಲ.

ಚಂದದ ಫ್ಯಾನ್ಸಿ ಕೋಳಿ ಕಂಡು ಅದರ ಮೊಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಲಗೇಜಿನಲ್ಲಿ ಊರಿಗೆ ತರುವ ಯೋಚನೆ ಇದ್ದವರು ಬಿಡುವುದೊಳ್ಳೆಯದು. ಪಕ್ಷಿ, ಕಾವಿನ ಮೊಟ್ಟೆ ಭಾರತಕ್ಕೆ ತರಲು ಮುಂಗಡ ಪರವಾನಗಿ ಬೇಕು. ಏರ್‌ಪೋರ್ಟಿನಲ್ಲಿ ಹೋಗುವುದು ಮೊಟ್ಟೆ ಮಾತ್ರ ಅಲ್ಲ, ಅರ್ಧ ದಿನವೂ ಹೋಗುತ್ತದೆ.

ಇನ್ನು ಸಮಯದ ವಿಷಯ. ಬಹಳ ಜನ ಲೀವ್ ಸಿಗುವ ಜೂನ್ ಜುಲೈಯಲ್ಲೇ ಉತ್ಸಾಹದಿಂದ ಮರಿ ತಂದುಬಿಡುತ್ತಾರೆ. ಕರಾವಳಿಯಲ್ಲಿ ಮರಿಗೆ ಅದಕ್ಕಿಂತ ಕೆಟ್ಟ ತಿಂಗಳಿಲ್ಲ, ಕರೆಂಟೂ ಇಲ್ಲ, ಬಿಸಿಲೂ ಇಲ್ಲ. ಆ ಲೀವಿನಲ್ಲಿ ಗೂಡಿಗೆ ಎಲ್ಲಿ ನೀರು ಸೋರುತ್ತದೆ, ಯಾವ ಕಡೆಯಿಂದ ಮಳೆ ಬೀಸುತ್ತದೆ ನೋಡಿ ಮಾಡು ಸರಿ ಮಾಡಿಸಿ ಬನ್ನಿ. ಅಕ್ಕಪಕ್ಕದ ಎಷ್ಟು ಮನೆಯವರು ಲಸಿಕೆಗೆ ಸೇರುತ್ತಾರೆ ಅಂತ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮರಿಯನ್ನು ಸೆಪ್ಟೆಂಬರ್ ಕೊನೆಗೆ ತರಿಸಿದರೆ ಆಗ ಮಳೆ ಇಳಿದಿರುತ್ತದೆ, ಮಾರ್ಚಿನ ಹೊತ್ತಿಗೆ ಮೊಟ್ಟೆ ಶುರುವಾಗುತ್ತದೆ. ಮಕ್ಕಳ ಪರೀಕ್ಷೆಯೂ ಆಗಲೇ.